ಕೂತೇ ಕೆಲಸ ಮಾಡಿದ ದಿನ ಶಟಲ್ ಆಡೋಕೆ ಯಾಕೆ ಸುಸ್ತು?

ಪ್ರಶ್ನೆ: ನನ್ನದು ಇಡೀ ದಿನ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಮೈ ದಣಿಯುವಂಥದ್ದೇನಿಲ್ಲ. ಆದರೂ ಮೀಟಿಂಗ್ ಜಾಸ್ತಿ ಇದ್ದ ದಿನ ಸಂಜೆ ಶಟಲ್ ಆಡಲು ಹೋದರೆ ಎರಡನೇ ಗೇಮಿಗೇ ಸಾಕಾಗುತ್ತದೆ. ಭಾನುವಾರ ಬೆಳಿಗ್ಗೆ ನಾಲ್ಕು ಗೇಮ್ ಆರಾಮಾಗಿ ಆಡುತ್ತೇನೆ. ಇದು ಸೋಮಾರಿತನವೇ?

ಉತ್ತರ: ಅಲ್ಲ. ಸ್ಟ್ಯಾಮಿನಾ ಹೋಯಿತು ಅಂತಲೂ ಅಲ್ಲ, ಭಾನುವಾರದ ನಾಲ್ಕು ಗೇಮೇ ಅದಕ್ಕೆ ಸಾಕ್ಷಿ. ದಣಿದಿರುವುದು ತಲೆ.

2009ರಲ್ಲಿ ವ್ಯಾಯಾಮ ವಿಜ್ಞಾನಿ ಸಾಮ್ಯುಯೆಲೆ ಮಾರ್ಕೋರಾ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ 16 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ದಿನ ಅವರಿಗೆ ಕಂಪ್ಯೂಟರ್ ಮುಂದೆ 90 ನಿಮಿಷ ಕಣ್ಣು ಮಿಟುಕಿಸದೆ ಗಮನ ಕೊಡಬೇಕಾದ ಕೆಲಸ. ಇನ್ನೊಂದು ದಿನ ಅಷ್ಟೇ ಹೊತ್ತು ರೈಲು, ಕಾರುಗಳ ಸಾಕ್ಷ್ಯಚಿತ್ರ. ಆಮೇಲೆ ಕೈಲಾಗುವವರೆಗೂ ಸೈಕಲ್ ತುಳಿಯಬೇಕು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದರು. ತಲೆ ಸವೆಸಿದ ದಿನ 640ಕ್ಕೇ ನಿಲ್ಲಿಸಿದರು. ಮಜಾ ಏನೆಂದರೆ, ತುಳಿಯುವಾಗ ಹೃದಯ ಬಡಿತದಲ್ಲಾಗಲಿ, ರಕ್ತದ ಲ್ಯಾಕ್ಟೇಟ್‌ನಲ್ಲಾಗಲಿ (ಸ್ನಾಯು ಜೋರಾಗಿ ದುಡಿದಾಗ ರಕ್ತದಲ್ಲಿ ಏರುವ ವಸ್ತು) ಇದಕ್ಕೆ ಕಾರಣ ಸಿಗಲಿಲ್ಲ. ಬದಲಾಗಿದ್ದು 'ಎಷ್ಟು ಕಷ್ಟ ಅನಿಸುತ್ತಿದೆ' ಅನ್ನುವುದು. ಅದೇ ವೇಗ, ಅದೇ ಕಾಲು, ಆದರೆ ಶುರುವಿನಿಂದಲೇ ಭಾರ. ನಂತರದ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಇಷ್ಟು ದೊಡ್ಡ ವ್ಯತ್ಯಾಸ ಕಂಡಿಲ್ಲ, ಪರಿಣಾಮ ಚಿಕ್ಕದು ಅನ್ನುವ ವಿಜ್ಞಾನಿಗಳೂ ಇದ್ದಾರೆ.

ಶಟಲ್‌ನಲ್ಲಿ ಇನ್ನೊಂದು ತೊಂದರೆ ಇದೆ. ಇಲ್ಲಿ ಕಣ್ಣಿಗೂ ಕೆಲಸ ಜಾಸ್ತಿ. ಬ್ಯಾಡ್ಮಿಂಟನ್ ಆಟಗಾರರಿಗೆ ಮೊದಲು ತಲೆ ದಣಿಸಿ, ಆಮೇಲೆ ಪರೀಕ್ಷಿಸಿದಾಗ ಕಣ್ಣಿಗೆ ಬಿದ್ದದ್ದಕ್ಕೆ ಕೈ ಸ್ಪಂದಿಸುವುದು ತಡವಾಗಿತ್ತು. ಎದುರಿನವರು ಡ್ರಾಪ್ (ನೆಟ್ ಪಕ್ಕದಲ್ಲೇ ಮೆಲ್ಲಗೆ ಬೀಳಿಸುವ ಹೊಡೆತ) ಹಾಕುತ್ತಾರೆ ಅಂತ ಹೊಳೆಯುವಷ್ಟರಲ್ಲಿ ಕಾಕ್ ನೆಟ್ ದಾಟಿರುತ್ತದೆ. ತಡವಾಗಿ ಹೊರಟವರು ಜಾಸ್ತಿ ಓಡಲೇಬೇಕು, ಅಲ್ವಾ? ಸ್ಮ್ಯಾಶ್‌ನಲ್ಲಿ ಮಾತ್ರ ಜೋರು ಹಾಗೇ ಇರುತ್ತದೆ, ಯಾಕೆಂದರೆ ಒಂದೇ ಏಟಿನ ಶಕ್ತಿಗೆ ತಲೆಯ ದಣಿವು ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕೇ ಸುಸ್ತು ಎಲ್ಲಿಂದ ಬಂತು ಅಂತ ನಮಗೆ ಗೊಂದಲ.

ಹಾಗಂತ ಆಟ ಬಿಡಬೇಡಿ. ಅಂಥ ದಿನ ಸಿಂಗಲ್ಸ್ ಬಿಟ್ಟು ಡಬಲ್ಸ್ ಆಡಿ, ಪಾಯಿಂಟ್ ಲೆಕ್ಕ ಇಡದೆ ಸುಮ್ನೆ ರ‍್ಯಾಲಿ ಹೊಡೆಯಿರಿ. ಇನ್ನೊಂದು ಮಾತು ಕೇಳಿದರೆ ಬೇಜಾರಾಗಬಹುದು. ಆಫೀಸಿನಿಂದ ಕೋರ್ಟಿಗೆ ಬರುವ ದಾರಿಯಲ್ಲಿ ರೀಲ್ಸ್ ನೋಡುವುದು ವಿಶ್ರಾಂತಿ ಅಲ್ಲ. ಆಟಕ್ಕೆ ಮೊದಲು ಅರ್ಧ ಗಂಟೆ ಫೋನಿನಲ್ಲಿ ಸೋಶಿಯಲ್ ಮೀಡಿಯಾ ನೋಡಿದ ಫುಟ್‌ಬಾಲ್ ಆಟಗಾರರು ಪಾಸ್ ಕೊಡುವ ನಿರ್ಧಾರದಲ್ಲಿ ಎಡವಿದ್ದು ದಾಖಲಾಗಿದೆ. ಫೋನ್ ಬ್ಯಾಗಿಗೆ ಹಾಕಿ ಕಿಟಕಿಯಾಚೆ ನೋಡಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ಆದರೂ ಪರವಾಗಿಲ್ಲ. ಕಾಫಿ ಒಂದಿಷ್ಟು ಕೈ ಹಿಡಿಯುತ್ತದೆ, ಆದರೆ ಸಂಜೆ ಏಳಕ್ಕೆ ಕುಡಿದರೆ ರಾತ್ರಿ ನಿದ್ದೆ ಕೆಟ್ಟು ನಾಳೆಯ ತಲೆಯೂ ಮಂಕು.

ಭಾನುವಾರವೂ ಎರಡನೇ ಗೇಮಿಗೇ ಏದುಸಿರು ಬರುತ್ತಿದ್ದರೆ ಅದು ಬೇರೆ ವಿಷಯ. ಆಗ ಡಾಕ್ಟರ್ ಹತ್ತಿರ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ನೋಡಿಸಿ.