ದಾರಿ ಹೇಳುವ ಯಂತ್ರಕ್ಕೆ ಹೊಳೆ ಗೊತ್ತಿರಬೇಕು

ಬಳ್ಳಾರಿಯ ಅಂಗಡಿಯೊಂದಕ್ಕೆ ಹೋಗಿ ‘ಜಿಪಿಎಸ್ ಬೇಕಿತ್ತು’ ಎಂದೆ. “ಯಾವ ಗಾಡಿಗೆ ಸರ್? ಲಾರಿಗಾ, ಟಿಪ್ಪರ್‌ಗಾ?” ಎಂದು ಕೇಳಿದ ಹುಡುಗ, ನನ್ನ ಉತ್ತರಕ್ಕೂ ಕಾಯದೆ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿಯೊಂದನ್ನು ಮುಂದಿಟ್ಟ. “ಸಿಮ್ ನಾವೇ ಹಾಕಿ ಕೊಡ್ತೀವಿ. ಗಾಡಿ ಎಲ್ಲೈತೆ ಅಂತ ನಿಮ್ಮ ಫೋನಿಗೇ ಬರ್ತೈತೆ.” ಅದು ಟ್ರ್ಯಾಕರ್. ಅದಿರು ಲಾರಿಗಳ ಊರಿನಲ್ಲಿ ಜಿಪಿಎಸ್ ಎಂದರೆ ಅದೇ ಅರ್ಥ, ಹುಡುಗನದು ತಪ್ಪಲ್ಲ. ಟ್ರ್ಯಾಕರ್ ಗಾಡಿ ಎಲ್ಲಿದೆ ಎಂದು ಮನೆಯಲ್ಲಿ ಕೂತ ಮಾಲೀಕನಿಗೆ ಹೇಳುತ್ತದೆ. ನನಗೆ ಬೇಕಿದ್ದುದು ಗಾಡಿಯೊಳಗೆ ಕೂತವನಿಗೆ ಮುಂದಿನ ತಿರುವು ಹೇಳುವ ಯಂತ್ರ, ನ್ಯಾವಿಗೇಟರ್. ಕೊಳ್ಳಲು ಹೋಗುವವರು ಈ ಎರಡು ಹೆಸರನ್ನು ಮೊದಲೇ ಬೇರೆ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಫೋನ್ ಇರುವಾಗ ಇದೇಕೆ ಎಂದು ಮನೆಯವರೂ ಕೇಳಿದರು. ಅಶೋಕನ ಶಾಸನಗಳಿರುವ ಊರುಗಳನ್ನು ಸುತ್ತಿ ಬರಬೇಕೆಂಬುದು ನನ್ನ ಬಹುದಿನದ ಆಸೆ. ನಮ್ಮ ಜಿಲ್ಲೆಯ ನಿಟ್ಟೂರು, ಉಡೇಗೋಳ. ರಾಯಚೂರು ಜಿಲ್ಲೆಯ ಮಸ್ಕಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು. ‘ದೇವಾನಾಂಪ್ರಿಯ’ ಎಂಬ ಬಿರುದಿನ ದೊರೆಯ ಹೆಸರು ಅಶೋಕ ಎಂದು ಕಲ್ಲಿನ ಮೇಲೇ ಓದಸಿಕ್ಕಿದ್ದು 1915ರಲ್ಲಿ, ಮಸ್ಕಿಯಲ್ಲಿ. ಕಳೆದ ಮೇ ತಿಂಗಳು ಹೊರಟೆವು. ಸಿರುಗುಪ್ಪ ದಾಟಿ ದಡೇಸೂಗೂರಿನ ಸೇತುವೆ ಬರುವ ಹೊತ್ತಿಗೆ ಗಾಜಿಗೆ ಅಂಟಿಸಿದ್ದ ಫೋನು ಮೊದಲು ಮಬ್ಬಾಯಿತು, ಆಮೇಲೆ ‘ಬಿಸಿ ಹೆಚ್ಚಾಗಿದೆ’ ಎಂದು ತೋರಿಸಿ ಆರಿಹೋಯಿತು. ಹೊರಗೆ ನಡುಮಧ್ಯಾಹ್ನದ ಬಿಸಿಲು. ಪರದೆ ಪೂರ್ತಿ ಬೆಳಕಿನಲ್ಲಿ, ಬ್ಯಾಟರಿ ಚಾರ್ಜಿನಲ್ಲಿ, ಜೊತೆಗೆ ಟವರ್ ಹುಡುಕುವ ಕೆಲಸ: ಮೂರೂ ಒಟ್ಟಿಗೆ ಬಿದ್ದರೆ ಯಾವ ಫೋನೂ ಕಾಯುತ್ತದೆ. ಪ್ರತ್ಯೇಕ ಯಂತ್ರದ ಯೋಚನೆ ಹುಟ್ಟಿದ್ದು ಆ ಸೇತುವೆಯ ಮೇಲೆ.

ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ನಡೆಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಜಿಪಿಎಸ್ ಚಿಪ್ ಯಾರಿಗೂ ಏನನ್ನೂ ಕಳಿಸುವುದಿಲ್ಲ, ರೇಡಿಯೊದಂತೆ ಕೇಳುತ್ತದೆ ಅಷ್ಟೇ. ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ 30ರ ಆಸುಪಾಸು ಉಪಗ್ರಹಗಳು ಸುತ್ತುತ್ತಿವೆ. ಪ್ರತಿಯೊಂದೂ ‘ನಾನು ಇಂಥವನು, ಇಂಥ ಜಾಗದಲ್ಲಿದ್ದೇನೆ, ಈಗ ಇಷ್ಟು ಗಂಟೆ’ ಎಂದು ಬಿಡದೆ ಸಾರುತ್ತಿರುತ್ತದೆ. ಆ ಸಂಕೇತ ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಬೇಕು. ಎಷ್ಟು ತಡವಾಯಿತೆಂದು ಅಳೆದರೆ ಎಷ್ಟು ದೂರವೆಂದು ಗೊತ್ತಾಗುತ್ತದೆ. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ಸಿಗಬೇಕು. ಆದರೆ ನಮ್ಮ ಕೈಯಲ್ಲಿರುವುದು ಸಾಧಾರಣ ಗಡಿಯಾರ. ಅದು ಒಂದು ಮೈಕ್ರೊಸೆಕೆಂಡ್ ತಪ್ಪಿದರೂ ಲೆಕ್ಕ 300 ಮೀಟರ್ ತಪ್ಪುತ್ತದೆ. ಅದಕ್ಕೇ ನಾಲ್ಕನೆಯ ಉಪಗ್ರಹ ಬೇಕು, ನಮ್ಮ ಗಡಿಯಾರದ ತಪ್ಪನ್ನು ಕಂಡುಹಿಡಿಯಲು.

ಮೇಲಿನ ಪರಮಾಣು ಗಡಿಯಾರಗಳ ಕಥೆ ನನಗೆ ಎಷ್ಟು ಸಲ ಹೇಳಿದರೂ ಬೇಸರವಾಗದು. ಉಪಗ್ರಹ ವೇಗವಾಗಿ ಓಡುವುದರಿಂದ ಅದರ ಗಡಿಯಾರ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಅಷ್ಟು ಎತ್ತರದಲ್ಲಿ ಭೂಮಿಯ ಸೆಳೆತ ಕಡಿಮೆಯಾದ್ದರಿಂದ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಎರಡೂ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯ ಪರಿಣಾಮಗಳೇ. ಕೂಡಿ ಕಳೆದರೆ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ. ಇದನ್ನು ತಿದ್ದದೆ ಬಿಟ್ಟಿದ್ದರೆ ಒಂದೇ ದಿನದಲ್ಲಿ ದೂರದ ಲೆಕ್ಕ 10 ಕಿಲೋಮೀಟರಿಗೂ ಹೆಚ್ಚು ಸರಿದುಹೋಗುತ್ತಿತ್ತು. ನಿಟ್ಟೂರಿನ ಬಂಡೆ ಹುಡುಕುವ ನಮ್ಮ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಸಾಪೇಕ್ಷತಾ ಸಿದ್ಧಾಂತ ದಿನವೂ ಕೆಲಸ ಮಾಡುತ್ತಿದೆ.

ಬಾನು ತೆರೆದಿದ್ದರೆ ಸಾಮಾನ್ಯ ಚಿಪ್ಪೂ 5 ಮೀಟರಿನ ಆಸುಪಾಸಿನಲ್ಲಿ ಜಾಗ ಹೇಳುತ್ತದೆ. ಕಾರು ಓಡಿಸಲು ಅಷ್ಟು ಧಾರಾಳ ಸಾಕು. ಆದ್ದರಿಂದ ‘ನಮ್ಮದು ಹೆಚ್ಚು ನಿಖರ’ ಎಂಬ ಮಾತಿಗೆ ಹಣ ಸುರಿಯುವ ಅಗತ್ಯ ನನಗೆ ಕಾಣಲಿಲ್ಲ. ಒಂದು ಮಾತು ಮಾತ್ರ ಕೇಳಿ ನೋಡಬೇಕು: ಜಿಪಿಎಸ್ ಒಂದನ್ನೇ ಕೇಳುತ್ತದೆಯೋ, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊಗಳನ್ನೂ ಕೇಳುತ್ತದೆಯೋ? ಸಂಡೂರಿನ ಗುಡ್ಡಗಳ ನಡುವೆ, ಹಂಪಿಯ ಬಂಡೆಗಳ ಸಂದಿಯಲ್ಲಿ ಅರ್ಧ ಆಕಾಶ ಮುಚ್ಚಿರುತ್ತದೆ. ಬಂಡೆಗೆ ಬಡಿದು ಬಂದ ಸಂಕೇತ ಬಳಸುದಾರಿಯಲ್ಲಿ ಬಂದಿರುವುದರಿಂದ ದೂರವನ್ನು ಸುಳ್ಳಾಗಿ ಹೇಳುತ್ತದೆ. ಹೆಚ್ಚು ಉಪಗ್ರಹಗಳು ಕಂಡಷ್ಟೂ ಸುಳ್ಳು ಹೇಳುವುದನ್ನು ಪಕ್ಕಕ್ಕಿಡಲು ಚಿಪ್ಪಿಗೆ ಅನುಕೂಲ. ಎರಡು ತರಂಗಾಂತರಗಳಲ್ಲಿ ಕೇಳುವ ಚಿಪ್ ಇದ್ದರೆ ನಮ್ಮ ಕಡೆಗೆ ಇನ್ನೂ ಒಳ್ಳೆಯದು. ಸಂಕೇತ ಇಳಿದುಬರುವಾಗ ಅಯಾನುಗೋಳ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ, ಅದನ್ನು ಕೊಂಚ ತಡಮಾಡುತ್ತದೆ. ತರಂಗಾಂತರ ಬೇರೆಯಾದರೆ ತಡವೂ ಬೇರೆ, ಎರಡನ್ನೂ ಹೋಲಿಸಿ ತಪ್ಪನ್ನು ಕಳೆಯಬಹುದು. ಭೂಮಿಯ ಕಾಂತಕ್ಷೇತ್ರದ ನಡುಗೆರೆ, ಭೂಕಾಂತೀಯ ಸಮಭಾಜಕ, ಹಾದುಹೋಗುವುದು ನಮ್ಮ ದೇಶದ ದಕ್ಷಿಣದ ತುದಿಯಲ್ಲಿ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾ ಎಂಬ ಊರನ್ನು ಆರಿಸಿಕೊಂಡ ಕಾರಣವೂ ಅದೇ. ಅದರ ಆಚೀಚೆಯ ಪ್ರದೇಶಗಳಲ್ಲಿ ಅಯಾನುಗೋಳದ ಕಲಕಾಟ ಹೆಚ್ಚು.

ಜಿಪಿಎಸ್‌ನಂಥದ್ದೇ ಆದ ಭಾರತದ ಉಪಗ್ರಹ ವ್ಯವಸ್ಥೆ, ನಮ್ಮದೇ ನಾವಿಕ್ ಬಗ್ಗೆ ನನಗೆ ಅಭಿಮಾನವಿದೆ. 2013ರಲ್ಲಿ ಮೊದಲ ಉಪಗ್ರಹ ಏರಿತು, ನಿಯಂತ್ರಣ ನಮ್ಮ ಹಾಸನದಿಂದ. ಆದರೆ ಹಲವು ಉಪಗ್ರಹಗಳ ಗಡಿಯಾರಗಳು ಕೆಟ್ಟು ವ್ಯವಸ್ಥೆ ಸೊರಗಿದೆ. 2023ರಲ್ಲಿ ಹಾರಿದ ಹೊಸ ಉಪಗ್ರಹ ಎನ್‌ವಿಎಸ್-01 ಭಾರತದಲ್ಲೇ ಮಾಡಿದ ರುಬಿಡಿಯಂ ಪರಮಾಣು ಗಡಿಯಾರ ಹೊತ್ತಿದೆ, ಸಾಮಾನ್ಯ ಚಿಪ್ಪುಗಳಿಗೂ ಎಟುಕುವ ತರಂಗಾಂತರದಲ್ಲಿ ಮಾತಾಡುತ್ತದೆ. ಯಂತ್ರದಲ್ಲಿ ನಾವಿಕ್ ಇದ್ದರೆ ಸಂತೋಷ, ಅದೊಂದನ್ನೇ ನೋಡಿ ಕೊಳ್ಳುವುದು ಬೇಡ.

ಉಪಗ್ರಹಗಳನ್ನು ಕೇಳಿ ಚಿಪ್ ಲೆಕ್ಕ ಹಾಕಿ ಹೇಳುವುದು ಜಾಗದ ಅಂಕಿಗಳನ್ನು ಮಾತ್ರ, ಮುಖ್ಯವಾಗಿ ಅಕ್ಷಾಂಶ ಮತ್ತು ರೇಖಾಂಶ. ದಾರಿ, ಸೇತುವೆ, ಊರು ಯಾವುದೂ ಅದಕ್ಕೆ ಗೊತ್ತಿಲ್ಲ. ಅವೆಲ್ಲ ಯಂತ್ರದೊಳಗಿನ ನಕಾಶೆಯಲ್ಲಿವೆ, ಯಾರೋ ಓಡಾಡಿ ತುಂಬಿದ್ದು. ನೀವು ನಿಜವಾಗಿ ಹಣ ಕೊಡುವುದು ಅದಕ್ಕೆ.

ಹಂಪಿಯ ತಳವಾರಘಟ್ಟದಲ್ಲಿ ನಿಂತರೆ ಎದುರು ದಂಡೆಯಲ್ಲೇ ಆನೆಗೊಂದಿ. ಹರಿಗೋಲಿನಲ್ಲಿ ಕೂತರೆ ಕೆಲವು ನಿಮಿಷ. ಕಾರಿಗೆ ಮಾತ್ರ ಬಹಳ ಕಾಲ ಹತ್ತಾರು ಕಿಲೋಮೀಟರ್ ಬಳಸಿ ಹೋಗುವ ದಾರಿಯೇ ಗತಿಯಾಗಿತ್ತು. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಮುಂದೆ ಬುಕ್ಕಸಾಗರ–ಕಡೆಬಾಗಿಲು ನಡುವೆ ಬೇರೆ ಸೇತುವೆ ಬಂತು. ಆ ಸೇತುವೆ ಬರುವ ಮೊದಲಿನ ನಕಾಶೆಯನ್ನೂ ಆಮೇಲಿನದನ್ನೂ ಎರಡು ಯಂತ್ರಗಳಲ್ಲಿ ಹಾಕಿದರೆ, ಒಂದೇ ಜಾಗದಲ್ಲಿ ನಿಂತು ಎರಡು ಬೇರೆ ದಾರಿ ಹೇಳುತ್ತವೆ. ಉಪಗ್ರಹದ ಲೆಕ್ಕ ಎರಡರಲ್ಲೂ ಸರಿಯಾಗಿಯೇ ಇರುತ್ತದೆ.

ದಾರಿ ಹುಡುಕುವ ಗಣಿತ ಹಳೆಯದು. ಡಚ್ ವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ 1956ರಲ್ಲಿ ಹೊಳೆಸಿಕೊಂಡು 1959ರಲ್ಲಿ ಪ್ರಕಟಿಸಿದ ವಿಧಾನದ ಮೇಲೇ ಇಂದಿನವೂ ನಿಂತಿವೆ. ಪ್ರತಿ ಕೂಡುರಸ್ತೆ ಒಂದು ಗಂಟು, ಗಂಟಿನಿಂದ ಗಂಟಿಗೆ ಹೋಗುವ ರಸ್ತೆಗೆ ಇಷ್ಟು ನಿಮಿಷವೆಂಬ ಬೆಲೆ, ಒಟ್ಟು ಬೆಲೆ ಕಡಿಮೆಯಾಗುವ ದಾರಿಯೇ ಉತ್ತರ. ಈ ಬೆಲೆಯನ್ನು ತಪ್ಪಾಗಿ ಬರೆದರೆ ಗಣಿತ ಸರಿಯಿದ್ದೂ ಉತ್ತರ ಕೆಡುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯೂ ಅದರ ಉಪಕಾಲುವೆಗಳೂ ಬಲೆಯಂತೆ ಹರಡಿವೆ. ಕಾಲುವೆ ದಂಡೆಯ ಮಣ್ಣಿನ ದಾರಿ ನಕಾಶೆಯಲ್ಲಿ ರಸ್ತೆಯೆಂದೇ ಬಿದ್ದಿದ್ದರೆ, ಯಂತ್ರ ಅದನ್ನೇ ಹತ್ತಿರದ ದಾರಿ ಎನ್ನುತ್ತದೆ. ಹಾಗೊಂದು ತಿರುವಿನಲ್ಲಿ ಕಾರು ನಿಲ್ಲಿಸಿ ಭತ್ತದ ಗದ್ದೆಯ ಅಣ್ಣನೊಬ್ಬನನ್ನು ಕೇಳಿದೆ. “ಹೋಗಬ್ಯಾಡ್ರಿ, ನಿನ್ನಿ ಮಳಿ ಆಗ್ಯಾದ. ಎರಿ ಮಣ್ಣು, ಕಾರು ಹುಗಿತದ. ರೋಡಿಗೇ ಹೋಗ್ರಿ” ಎಂದ. ಎರೆಮಣ್ಣಿನ ಬೆಲೆ ಅವನಿಗೆ ಗೊತ್ತಿತ್ತು. ಅಂದಿನಿಂದ ನಾನು ಯಾವ ಯಂತ್ರ ನೋಡಿದರೂ ಮೊದಲು ಹುಡುಕುವುದು ‘ಕಚ್ಚಾ ರಸ್ತೆ ಬೇಡ’ ಎಂಬ ಆಯ್ಕೆ ಇದೆಯೇ ಎಂದು.

ಸಿಮ್ ಇಲ್ಲದ ಯಂತ್ರಕ್ಕೆ ಇವತ್ತಿನ ಸುದ್ದಿ ತಿಳಿಯದು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಕೃಷ್ಣೆ ತುಂಬಿದರೆ ಲಿಂಗಸುಗೂರು ತಾಲೂಕಿನ ಶೀಲಹಳ್ಳಿ ಸೇತುವೆಯೂ ಹಾಗೆಯೇ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿಯವರೆಲ್ಲ ಹೊಳೆಯ ನೀರನ್ನೇ ನೋಡುತ್ತಿದ್ದೆವು. ಮಳೆಗಾಲದಲ್ಲಿ ಹೊರಡುವವರು ಹೊಳೆ ದಾಟುವ ಮೊದಲು ಫೋನಿನಲ್ಲೋ ಚಹಾ ಅಂಗಡಿಯಲ್ಲೋ ವಿಚಾರಿಸಲೇಬೇಕು. ಯಾವ ಯಂತ್ರವೂ ಈ ಕೆಲಸದಿಂದ ನಮ್ಮನ್ನು ಬಿಡಿಸದು.

ಇನ್ನು ಹೆಸರುಗಳ ಪಾಡು. 2014ರ ನವೆಂಬರ್ 1ರಿಂದ ನಮ್ಮೂರು ಇಂಗ್ಲಿಷಿನಲ್ಲೂ ಬಳ್ಳಾರಿ, ಅದಕ್ಕೂ ಹಿಂದೆ ಬೆಲ್ಲಾರಿ. ಹಾಸ್ಪೇಟ್ ಹೊಸಪೇಟೆಯಾಗಿದೆ. ಹಂಪಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಹುಬ್ಬಳ್ಳಿ–ಗುತ್ತಿ ಹೆದ್ದಾರಿ 63 ಇದ್ದದ್ದು 67 ಆಗಿದೆ. ಹಳೆಯ ನಕಾಶೆಗೆ ಹಳೆಯ ಹೆಸರನ್ನೇ ಬರೆದುಕೊಡಬೇಕು. ಅಂಗಡಿಯಲ್ಲಿ ‘ನಿಟ್ಟೂರು’ ಎಂದು ಬರೆಯಿಸಿ ನೋಡಿದೆ. ಯಂತ್ರ ನನ್ನನ್ನು ತುಮಕೂರಿನ ಗುಬ್ಬಿ ತಾಲೂಕಿಗೆ ಕರೆದೊಯ್ಯಲು ಸಿದ್ಧವಾಯಿತು, ಕೆಳಗಿನ ಸಾಲಿನಲ್ಲಿ ಹೊಸನಗರದ ನಿಟ್ಟೂರು. ಶಾಸನದ ನಿಟ್ಟೂರು ಬರಲೇ ಇಲ್ಲ. ಸಿಂಧನೂರು ಕಡೆಯ ‘ಕ್ಯಾಂಪ್’ ಎಂದು ಕರೆಯುವ ಹಳ್ಳಿಗಳನ್ನು ಹುಡುಕಿದರಂತೂ ಒಂದೇ ಹೆಸರಿನವು ಸಾಲುಗಟ್ಟುತ್ತವೆ.

ಇದಕ್ಕೆ ಮದ್ದು ಅಂಕಿಗಳನ್ನೇ ನೇರವಾಗಿ ಕೊಡುವುದು. ಒಳ್ಳೆಯ ಯಂತ್ರ ಅಕ್ಷಾಂಶ–ರೇಖಾಂಶಗಳನ್ನು ಬೆರಳಿನಿಂದ ಬರೆಯಲು ಬಿಡುತ್ತದೆ, ಕೊಳ್ಳುವಾಗ ಇದನ್ನು ಮಾಡಿಯೇ ನೋಡಿ. ದಶಮಾಂಶದ ನಂತರ ನಾಲ್ಕು ಅಂಕಿ ಕೊಟ್ಟರೆ 11 ಮೀಟರಿನೊಳಗೆ ಜಾಗ ಸಿಗುತ್ತದೆ, ಬಂಡೆಯ ಬುಡಕ್ಕೆ ಹೋಗಲು ಸಾಕು. ಆದರೆ ಬರೆಯುವ ರೀತಿ ಒಂದೇ ಇಲ್ಲ. 15 ಡಿಗ್ರಿ 30 ಮಿನಿಟು ಎಂದರೆ 15.5. ಅದನ್ನು 15.30 ಎಂದು ತುಂಬಿದರೆ 22 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ. ನನ್ನ ಟಿಪ್ಪಣಿ ಪುಸ್ತಕದಲ್ಲೇ ಎರಡೂ ರೀತಿ ಬೆರೆತಿದ್ದವು.

ಬಿಸಿಲಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಕಾರಿಗೆಂದೇ ಮಾಡಿದ ಯಂತ್ರಗಳು ಸಾಮಾನ್ಯವಾಗಿ 55 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುತ್ತವೆ, ಬ್ಯಾಟರಿ ಚಾರ್ಜ್ ಆಗುವುದು ಮಾತ್ರ 45ರವರೆಗೆ. ಲಿಥಿಯಂ ಬ್ಯಾಟರಿ ಅದಕ್ಕಿಂತ ಬಿಸಿಯಲ್ಲಿ ಚಾರ್ಜ್ ಆದರೆ ಬೇಗ ಸವೆಯುತ್ತದೆ. ಬಾಗಿಲು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ರಾಯಚೂರಿನ ಮೇ ತಿಂಗಳಲ್ಲಿ ಈ ಎರಡು ಮಿತಿಗಳೂ ಸುಲಭವಾಗಿ ದಾಟುತ್ತವೆ. ಹಾಗಾಗಿ ಇಳಿಯುವಾಗ ಯಂತ್ರವನ್ನು ಕಳಚಿ ಚೀಲಕ್ಕೆ ಹಾಕಿಕೊಳ್ಳಲು ಬರಬೇಕು. ಪರದೆಯನ್ನು ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ, ರಸ್ತೆಗೆ ತಂದು ಹನ್ನೆರಡರ ಬಿಸಿಲಲ್ಲಿ ನೋಡಿ. ನಿಮ್ಮ ಕಾರಿನ ಮುಂಗಾಜಿಗೆ ಬಿಸಿ ತಡೆಯುವ ಲೋಹದ ಲೇಪನವಿದ್ದರೆ ಸಂಕೇತ ಒಳಗೆ ಬರಲು ತಿಣುಕುತ್ತದೆ. ಮೊದಲೇ ಅದು ಬಲು ಕ್ಷೀಣ, ಸುತ್ತಲಿನ ರೇಡಿಯೊ ಗದ್ದಲಕ್ಕಿಂತಲೂ ಕೆಳಗೆ ಮುಳುಗಿರುತ್ತದೆ. ಅಂಥ ಕಾರಿಗೆ ಹೊರಗಿನ ಆಂಟೆನಾ ಸಿಕ್ಕಿಸಲು ಬರುವ ಮಾದರಿಯೇ ಆಗಬೇಕು.

ಬೆಂಗಳೂರಿಗೆ ಹೋಗಿಬರಲಷ್ಟೇ ಆದರೆ ಈ ಖರ್ಚು ಬೇಡ, ಫೋನ್ ಸಾಕು. ಹಳೆಯ ಫೋನಿಗೆ ಇಡೀ ಕರ್ನಾಟಕದ ನಕಾಶೆಯನ್ನು ಇಳಿಸಿಕೊಂಡರೆ ಸಿಮ್ ಇಲ್ಲದೆಯೂ ದಾರಿ ಹೇಳುತ್ತದೆ, ಬಿಸಿಲೊಂದೇ ಅದಕ್ಕೆ ಶತ್ರು. ನಾಲ್ಕಾರು ದಿನ ಹಳ್ಳಿದಾರಿ ಸುತ್ತುವವರಿಗೆ ಬೇರೆ ಯಂತ್ರ ಉಪಯೋಗಕ್ಕೆ ಬರುತ್ತದೆ. ಗಾರ್ಮಿನ್, ಮ್ಯಾಪ್‌ಮೈಇಂಡಿಯಾ ಕಂಪನಿಗಳು ಇಂಥವನ್ನು ಮಾಡಿವೆ. ಹೊರದೇಶದ ಸಂಬಂಧಿಕರಿಂದ ತರಿಸುವುದಾದರೆ ಭಾರತದ ನಕಾಶೆ ಒಳಗಿದೆಯೇ, ಹೊಸ ನಕಾಶೆ ಎಷ್ಟು ವರ್ಷ ಕೊಡುತ್ತಾರೆ ಎಂದು ಮೊದಲೇ ಕೇಳಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಮಾದರಿಗಳನ್ನು ಮಾತ್ರ ತರಿಸಲೇಬೇಡಿ. ಬರೀ ಕೇಳುವ ಯಂತ್ರ ಬೇರೆ, ಕಳಿಸುವುದು ಬೇರೆ; ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅಂಥದ್ದನ್ನು ಇಟ್ಟುಕೊಂಡರೆ ಕಾನೂನಿನ ತೊಂದರೆ.

ಕೊನೆಗೆ ನಾನೊಂದು ಯಂತ್ರ ತಂದೆ. ಮನೆಯೊಳಗೆ ಹಚ್ಚಿದರೆ ಜಾಗವೇ ಸಿಗಲಿಲ್ಲ. ಕೆಟ್ಟಿದೆಯೆಂದು ಮನೆಯವರು ಗಾಬರಿಯಾದರು. ಉಪಗ್ರಹಗಳು ತಮ್ಮ ಪಥದ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಓದಿಹೇಳುತ್ತವೆ. ಒಂದೊಂದರ ಸ್ವಂತ ವಿವರ 30 ಸೆಕೆಂಡಿಗೊಮ್ಮೆ ಬರುತ್ತದೆ, ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿಯಾಗಲು ಹನ್ನೆರಡೂವರೆ ನಿಮಿಷ. ಫೋನು ಇದನ್ನು ನೆಟ್‌ವರ್ಕಿನಿಂದ ಚಿಟಿಕೆಯಲ್ಲಿ ತರಿಸಿಕೊಳ್ಳುತ್ತದೆ. ಹೊಸ ಯಂತ್ರ ಅಷ್ಟನ್ನೂ ಆಕಾಶದಿಂದಲೇ ಕೇಳಿ ಬರೆದುಕೊಳ್ಳಬೇಕು. ಸಂಜೆ ಅದನ್ನು ಮಾಳಿಗೆಯ ಮೇಲೆ ಒಯ್ದು ಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಕೂತೆ. ಕೋಟೆ ಗುಡ್ಡದ ಹಿಂದೆ ಬೆಳಕು ಇಳಿಯುತ್ತಿತ್ತು. ಪರದೆಯ ಮೇಲೆ ಉಪಗ್ರಹಗಳ ಕಡ್ಡಿಗಳು ಒಂದೊಂದಾಗಿ ಎದ್ದವು: ಮೂರು, ನಾಲ್ಕು, ಏಳು. ಅದು ಕೇಳಿಸಿಕೊಳ್ಳುತ್ತಿರುವಷ್ಟು ಹೊತ್ತು ನಾನು ಟಿಪ್ಪಣಿ ಪುಸ್ತಕ ಬಿಚ್ಚಿ, ಮಿನಿಟುಗಳನ್ನು 60ರಿಂದ ಭಾಗಿಸಿ ದಶಮಾಂಶ ಮಾಡಿ, ನಿಟ್ಟೂರು, ಉಡೇಗೋಳ, ಮಸ್ಕಿ, ಗವಿಮಠ, ಪಾಲ್ಕಿಗುಂಡುಗಳನ್ನು ಅದರೊಳಗೆ ಬರೆದೆ.