ಮನೆ ಬರೆದುಕೊಡಿ, ಆದರೆ ಇರೋದೆಲ್ಲಿ?

ರಿಟೈರ್ ಆದ ಮೇಲೆ ಎಲ್ಲಿರೋದು ಅಂತ ಕೇಳಿಕೊಂಡು ವಿರಾಜಪೇಟೆಯ ನನ್ನ ವಕೀಲಿ ಆಫೀಸಿಗೆ ಬರುವವರು ಕಮ್ಮಿ. ಹೆಚ್ಚಿನವರು ತೀರ್ಮಾನ ಮಾಡಿಯೇ ಬಂದಿರುತ್ತಾರೆ. "ಮನೆ ಮಗನ ಹೆಸರಿಗೆ ದಾನಪತ್ರ ಮಾಡಿಬಿಡಿ ಮೇಡಂ. ನಾವು ಹೇಗೂ ಅಲ್ಲೇ ಇರ್ತೀವಿ."

ಅಲ್ಲೇ ಇರ್ತೀವಿ ಅನ್ನುವುದನ್ನು ಪತ್ರದಲ್ಲಿ ಬರೆಸೋಣ ಅಂದರೆ ಮುಖ ಸಪ್ಪೆಯಾಗುತ್ತದೆ. "ಛೆ, ನಮ್ಮ ಹುಡುಗ ಅಂಥವನಲ್ಲ." ಅಂಥವನು ಅಂತ ನಾನೆಲ್ಲಿ ಹೇಳಿದೆ?

ಒಂದು ಮಾತು ಹೇಳುತ್ತೇನೆ. ದಾನಪತ್ರ ರಿಜಿಸ್ಟರ್ ಆದ ದಿನವೇ ಮನೆ ನಿಮ್ಮದಲ್ಲ. ಮನಸ್ಸು ಬದಲಾಯಿತು ಅಂತ ವಾಪಸ್ ಕೇಳುವ ಹಾಗಿಲ್ಲ. ವಿಲ್ ಹಾಗಲ್ಲ. ನೀವು ಹೋದ ಮೇಲೆ ಅದಕ್ಕೆ ಜೀವ. ಅಲ್ಲಿವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಹರಿದೂ ಹಾಕಬಹುದು. ಮಗ ಚಿನ್ನದಂಥವನೇ ಇರಲಿ. ಆ ಮನೆ ಅಡವಿಟ್ಟು ಸಾಲ ಮಾಡಿ, ವ್ಯಾಪಾರ ಕೈಕೊಟ್ಟರೆ ಬ್ಯಾಂಕಿನವರು ಅಮ್ಮ ಎಲ್ಲಿ ಮಲಗ್ತಾರೆ ಅಂತ ಕೇಳುವುದಿಲ್ಲ.

"ಹಿರಿಯರಿಗೆ ಕಾನೂನು ಇದೆಯಲ್ಲ?" ಇದೆ. 2007ರ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯ 23ನೇ ಕಲಂ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಆಮೇಲೆ ನೋಡಿಕೊಳ್ಳದಿದ್ದರೆ ಪತ್ರ ರದ್ದು ಮಾಡಿಸಬಹುದು. ಎಲ್ಲರೂ ಕೊನೆಯ ಭಾಗ ಮಾತ್ರ ಕೇಳಿಸಿಕೊಂಡಿರುತ್ತಾರೆ. ಷರತ್ತು ಎಲ್ಲಿದೆ? ಷರತ್ತೇ ಇಲ್ಲದಿದ್ದರೆ ಈ ಕಲಂ ಉಪಯೋಗಕ್ಕೆ ಬಾರದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂದಿತು, ನಿಜ. ಆದರೆ ಆ ಕೇಸಿನಲ್ಲೂ ತಾಯಿಯ ಕೈಯಲ್ಲಿ, ನೋಡಿಕೊಳ್ಳುತ್ತೇನೆ ಅಂತ ಮಗ ಬರೆದುಕೊಟ್ಟ ಕಾಗದ ಅಂತ ಒಂದಿತ್ತು. ನಿಮ್ಮ ಕೈಯಲ್ಲಿ ಏನಿದೆ? ದಾನವೇ ಮಾಡುವುದಾದರೆ ನೋಡಿಕೊಳ್ಳುವ ಷರತ್ತು, ಇಬ್ಬರಿಗೂ ಜೀವ ಇರುವವರೆಗೆ ವಾಸದ ಹಕ್ಕು, ಎರಡೂ ಅದೇ ಪತ್ರದಲ್ಲಿ ಇರಲಿ. ಇಬ್ಬರಿಗೂ ಅಂದೆ. ಗಂಡನ ಹೆಸರು ಮಾತ್ರ ಹಾಕಿ ಹೆಂಡತಿಯನ್ನು ಮರೆಯುವುದು ಜಾಸ್ತಿ.

ಪೊನ್ನಂಪೇಟೆ ಕಡೆಯ ಒಬ್ಬ ನಿವೃತ್ತ ಸುಬೇದಾರರು ಬಂದಿದ್ದರು. ತೋಟದ ಮನೆ ಮಗನಿಗೆ, ತಾವಿಬ್ಬರೂ ಅಲ್ಲೇ. ಮಗ ಇರುವುದು ಕೆನಡಾದಲ್ಲಿ. ಹೆಂಡತಿ ಅಲ್ಲಿವರೆಗೆ ಸುಮ್ಮನಿದ್ದವರು ಕೇಳಿದರು: "ಮಳೆಗಾಲದಲ್ಲಿ ಕರೆಂಟ್ ವಾರಗಟ್ಟಲೆ ಇರಲ್ಲ, ಸಂಜೆ ಆದ್ರೆ ದಾರೀಲಿ ಆನೆ. ಇವರಿಗೆ ರಾತ್ರಿ ಎದೆನೋವು ಬಂದ್ರೆ ಜೀಪ್ ಓಡಿಸೋದು ಯಾರು?" ಸುಬೇದಾರರು ಗೋಡೆಯ ಕ್ಯಾಲೆಂಡರ್ ನೋಡಿದರು. ನನಗೆ ಆ ಅಮ್ಮನ ಮೇಲೆ ಬಹಳ ಪ್ರೀತಿ ಬಂತು.

ಹಾಗಾಗಿ ಬರೆದುಕೊಡುವ ಮುಂಚೆ ಒಂದು ಮಳೆಗಾಲ ಬೇರೆ ಕಡೆ ಬಾಡಿಗೆಗೆ ಇದ್ದು ನೋಡಿ. ಮೈಸೂರಾದರೆ ಆಸ್ಪತ್ರೆ ಹತ್ತಿರ, ಮಾತಾಡಲು ಜನ ದೂರ. ಕುಶಾಲನಗರದಲ್ಲಿ ಮಳೆ ಕಮ್ಮಿ, ನೆಲ ಸಮ. ಆದರೆ ಕಾವೇರಿ ದಂಡೆಯ ಬಡಾವಣೆಗಳಿಗೆ 2018, 2019ರಲ್ಲಿ ನೀರು ನುಗ್ಗಿದ್ದು ಮರೆಯಬೇಡಿ. ಹಿರಿಯರ ವಸತಿಗಳಲ್ಲಿ ಹಲವು ಕಡೆ ನೀವು ಕೊಡುವುದು ಡೆಪಾಸಿಟ್, ಕೊಂಡುಕೊಂಡ ಹಾಗಲ್ಲ. ಬಿಟ್ಟು ಬಂದರೆ ಎಷ್ಟು ವಾಪಸ್ ಬರುತ್ತದೆ ಎಂಬ ಸಾಲನ್ನು ಮೊದಲು ಓದಿ.

ಜಾಗ ಜಮ್ಮಾ, ಅಂದರೆ ಕೊಡಗಿನಲ್ಲಿ ತಲೆಮಾರಿನಿಂದ ಕುಟುಂಬಕ್ಕೆ ಬಂದ ಜಮೀನು, ಆಗಿದ್ದರೆ ಇದೆಲ್ಲಕ್ಕಿಂತ ಮುಂಚೆ ಆರ್‌ಟಿಸಿ ತನ್ನಿ. ಪಟ್ಟೇದಾರರ (ಕುಟುಂಬದ ಯಜಮಾನರ) ಜೊತೆ ಒಕ್ಕದ, ಅಂದರೆ ಒಂದೇ ಮನೆತನದ, ಯಾರ್ಯಾರ ಹೆಸರಿದೆ ಅಂತ ನೋಡದೆ ನಾನು ಏನೂ ಹೇಳಲಾರೆ. ಇಲ್ಲಿ ಬರೆದದ್ದೂ ಸಾಮಾನ್ಯ ಮಾತು. ನಿಮ್ಮ ಕಾಗದ ನೋಡಿದರೆ ಬೇರೆಯೇ ಹೇಳಬೇಕಾಗಬಹುದು.

ವಿಲ್ ಮಾಡಲು ಬರುವವರಿಗೆ ಇನ್ನೊಂದು. ರಿಜಿಸ್ಟರ್ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿ ಬೇಕೇ ಬೇಕು. ದಯವಿಟ್ಟು ನಿಮ್ಮ ಜೊತೆ ರೆಜಿಮೆಂಟಿನಲ್ಲಿದ್ದ ಗೆಳೆಯರನ್ನು ಕರೆತರಬೇಡಿ. ನಾಳೆ ತಕರಾರು ಬಂದರೆ ಕೋರ್ಟಿಗೆ ಬಂದು ಹೇಳಬೇಕಾದವರು ಅವರು. ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು, ವಿಲ್‌ನಲ್ಲಿ ಪಾಲಿಲ್ಲದವರನ್ನು ಕರೆತನ್ನಿ.