ಮುತ್ಯಾ ಶಾಲೆಯಲ್ಲಿ ನೋಡಿದ ಟಿ.ವಿ.

ಪ್ರಶ್ನೆ: 1975ರಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದಾಗ ಶಾಲೆಯಲ್ಲೇ ಟಿ.ವಿ. ನೋಡಿದ್ದೆ ಅಂತ ನಮ್ಮ ಮುತ್ಯಾ ಹೇಳ್ತಾರೆ. ವಿಜಯಪುರ ಜಿಲ್ಲೆಯ ಸಣ್ಣ ಹಳ್ಳಿ ನಮ್ಮದು. ಆಗ ಬೆಂಗಳೂರಿನಲ್ಲೇ ಟಿ.ವಿ. ಕೇಂದ್ರ ಇರಲಿಲ್ಲ ಅಲ್ವಾ? ಇದು ಖರೇನಾ?

ಉತ್ತರ: ಖರೇ. ನಮ್ಮ ಕಡೆ ಬಹಳ ಮಂದಿ ಇದನ್ನೇ ಕೇಳುತ್ತಾರೆ, ಮನೆಯ ಹಿರಿಯರ ಮಾತನ್ನು ಸುಮ್ನೆ ಕಥೆ ಅಂದುಕೊಂಡು ಬಿಡುತ್ತಾರೆ.

ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಿಂದ ಒಂದು ವರ್ಷ, ಇಸ್ರೋ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಮುಟ್ಟಿಸುವ 'ಸೈಟ್' ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬಾಗಲಕೋಟೆ ಆಗಿನ್ನೂ ಬಿಜಾಪುರ ಜಿಲ್ಲೆಯಲ್ಲೇ ಇತ್ತು.

ಪಟ್ಟಣ ಬಿಟ್ಟು ಹಳ್ಳಿಗೇ ಮೊದಲು ಹೇಗೆ ಬಂತು? ಟವರ್‌ನಿಂದ ಬಿಡುವ ಟಿ.ವಿ. ಸುತ್ತಲಿನ ಊರುಗಳನ್ನಷ್ಟೇ ಮುಟ್ಟುತ್ತದೆ. ಅಮೆರಿಕದ ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹ ಇದ್ದದ್ದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ನೋಡಿದರೆ ಪಟ್ಟಣವೂ ಒಂದೇ, ಹಳ್ಳಿಯೂ ಒಂದೇ. ಅದರ ಸಿಗ್ನಲ್ ಹಿಡಿಯಲು ಶಾಲೆಯ ಹತ್ತಿರ ಮೂರು ಮೀಟರ್ ಅಗಲದ ದೊಡ್ಡ ಬುಟ್ಟಿಯಂಥ ಆಂಟೆನಾ ನಿಲ್ಲಿಸಿದರು. ಅದನ್ನು ಮಾಡಿದ್ದು ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ! ಕರೆಂಟ್ ಇಲ್ಲದ ಕೆಲವು ಊರುಗಳಲ್ಲಿ ಟಿ.ವಿ.ಯನ್ನು ಬ್ಯಾಟರಿಯಿಂದ ನಡೆಸಿದರು. ಇಷ್ಟು ಜಾಣತನದ ಕೆಲಸ ನಮ್ಮ ಹಳ್ಳಿಗಳಿಗಾಗಿ ನಡೆದಿತ್ತು ಅಂತ ನೆನೆದರೆ ನನಗೆ ಇಂದಿಗೂ ಹೆಮ್ಮೆ.

ಬೆಳಿಗ್ಗೆ ಮಕ್ಕಳ ಪಾಠ, ಸಂಜೆ ಇಡೀ ಊರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ. ಅಲ್ಲಿಯವರೆಗೆ ತರಗತಿಯಲ್ಲಿ ಇದ್ದದ್ದೇನು? ಗುರುಗಳ ಕೈಯಲ್ಲಿ ಖಡು (ಸೀಮೆಸುಣ್ಣ), ಮಕ್ಕಳ ಕೈಯಲ್ಲಿ ಪಾಟಿ. ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಒಣಗಲಿ ಅಂತ ಪಾಟಿಯನ್ನು ಗಾಳಿಗೆ ಬೀಸುವುದು. ಅಂಥ ಮಕ್ಕಳ ಮುಂದೆ ಕಪ್ಪು-ಬಿಳುಪು ಚಿತ್ರ ಓಡಾಡಿತು. ಗುರುಗಳನ್ನೂ ಮರೆಯಲಿಲ್ಲ. ರಜೆಯಲ್ಲಿ 12 ದಿನ ಟಿ.ವಿ., ರೇಡಿಯೊ ಮೂಲಕ ಅವರಿಗೂ ವಿಜ್ಞಾನ ಕಲಿಸುವ ತರಬೇತಿ ಇತ್ತು.

1976ರ ಜುಲೈ 31ಕ್ಕೆ ಎಲ್ಲ ನಿಂತಿತು. ಉಪಗ್ರಹ ಎರವಲಿನದು, ವಾಪಸ್ ಕೊಡಬೇಕಿತ್ತು. 1977ರಲ್ಲಿ ಗುಲ್ಬರ್ಗಾದಲ್ಲಿ ಟವರ್ ಬಂತು, ಆದರೆ ಅದರಿಂದ ದೂರವಿದ್ದ ಶಾಲೆಗಳು ಮತ್ತೆ ಖಡು-ಪಾಟಿಗೇ ಮರಳಿದವು. ರುಚಿ ತೋರಿಸಿ ತಟ್ಟೆ ಎಳೆದುಕೊಂಡಂತಾಯಿತು, ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸೈಟ್‌ನಲ್ಲಿ ಇನ್ನೊಂದು ಕೊರತೆಯೂ ಇತ್ತು. ತಿಳಿಯದ್ದನ್ನು ಟಿ.ವಿ.ಯವರನ್ನು ಕೇಳುವಂತಿರಲಿಲ್ಲ. ಅದಕ್ಕೆ ದಾರಿಯಾದದ್ದು 2004ರಲ್ಲಿ. ಪಾಠಕ್ಕೆಂದೇ ಮಾಡಿದ ನಮ್ಮದೇ ಉಪಗ್ರಹ ಎಜುಸ್ಯಾಟ್ ಆ ಸೆಪ್ಟೆಂಬರ್ 20ರಂದು ಹಾರಿತು. ಅದನ್ನು ಮೊದಮೊದಲು ಬಳಸಿದವರಲ್ಲಿ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಕೂಡ ಒಂದು. ಕಾಲೇಜಿನಲ್ಲಿ ಕೂತೇ ದೂರದ ಪ್ರಾಧ್ಯಾಪಕರಿಗೆ ಪ್ರಶ್ನೆ ಕೇಳಬಹುದಿತ್ತು.

ನಿಮ್ಮ ಮುತ್ಯಾರನ್ನು ಕೂಡಿಸಿಕೊಂಡು ಕೇಳಿ: ಆ ತಂತಿ ಬುಟ್ಟಿ ಎಲ್ಲಿ ನಿಂತಿತ್ತು? ಟಿ.ವಿ. ಹಚ್ಚುತ್ತಿದ್ದವರು ಯಾರು? ಮೊದಲ ದಿನ ಏನು ಕಂಡಿತು? ಹೇಳಿದ್ದನ್ನು ಬರೆದಿಡಿ. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಮಕ್ಕಳಿಗೆ ಈಗ ಅರವತ್ತು ಆಯಿತು.